ಸಾತಾರಾದ ಹುಡುಗ, ನ್ಯೂಯಾರ್ಕಿನ ಹಾಸ್ಟೆಲು

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ನಾನು ಮೊದಲು ಒಪ್ಪಿಕೊಳ್ಳಲಿಲ್ಲ. ಮಹನೀಯರ ವಿಷಯವನ್ನು ನಮ್ಮ ಶಾಲೆಯ ಗೋಡೆಗಳೇ ಬೇಕಾದಷ್ಟು ಹೇಳುತ್ತವೆ. ನಾನು ಓದುವಾಗ ಒಂಬತ್ತನೆಯ ತರಗತಿಯ ಕರಿಹಲಗೆಯ ಮೇಲ್ಗಡೆ ಡಾ. ಅಂಬೇಡ್ಕರರ ಪಟವಿತ್ತು. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನದ ಪುಸ್ತಕ. ಆ ಪಟದ ಎದುರಿಗೇ ಒಂದು ವರ್ಷ ಕುಳಿತ ನನಗೆ ಅವರು ಹುಟ್ಟುವಾಗಲೇ ಕೋಟು ತೊಟ್ಟು ಹುಟ್ಟಿದವರಂತೆ ಕಾಣುತ್ತಿದ್ದರು. ಪ್ರತಿ ಜನವರಿ 26ಕ್ಕೆ ಸಂವಿಧಾನಶಿಲ್ಪಿ ಎಂದು ಭಾಷಣ ಮಾಡಿ ಚಾಕಲೇಟು ತೆಗೆದುಕೊಳ್ಳುತ್ತಿದ್ದೆವು. ಅವರೂ ಒಂದು ಕಾಲದಲ್ಲಿ ಪರವೂರಿನ ಹಾಸ್ಟೆಲಿನಲ್ಲಿ ಊಟ ಸೇರದೆ ರೂಮು ಬದಲಾಯಿಸಿದ ವಿದ್ಯಾರ್ಥಿ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಈ ವರ್ಷ ಹತ್ತನೆಯ ತರಗತಿ ಮುಗಿಸುವ ಮಕ್ಕಳಲ್ಲಿ ಅನೇಕರು ಮುಂದೆ ಓದಲು ನಗರಕ್ಕೆ ಹೋಗುವವರು, ಅವರಿಗೆ ಉಪಯೋಗವಾಗುವಂಥದ್ದನ್ನು ಬರೆಯಿರಿ ಎಂದು ಮುಖ್ಯೋಪಾಧ್ಯಾಯರು ಮತ್ತೆ ಹೇಳಿದರು. ಆಗ ಒಪ್ಪಿದೆ. ಬಾಬಾಸಾಹೇಬರ ಇಡೀ ಜೀವನವನ್ನು ಬರೆಯುವ ಶಕ್ತಿ ನನಗಿಲ್ಲ. ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಳೆದ ಮೂರು ವರ್ಷ ಮತ್ತು ಅದರ ಹಿಂದುಮುಂದನ್ನು ಮಾತ್ರ ಬರೆಯುತ್ತೇನೆ. ಅದಕ್ಕೆ ನನ್ನದೇ ಒಂದು ಕಾರಣವಿದೆ.

1991ರ ಜುಲೈನಲ್ಲಿ ನಾನೂ ಇದೇ ಶಾಲೆಯ ನನ್ನ ಸಹಪಾಠಿಯೊಬ್ಬನೂ ಎಂ.ಎ. ಓದಲು ನಗರದ ವಿಶ್ವವಿದ್ಯಾಲಯಕ್ಕೆ ಹೋದೆವು. ಒಂದೇ ಬಸ್ಸು, ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ. ಗೇಟಿನಿಂದ ನಮ್ಮ ವಿಭಾಗಕ್ಕೆ ನಡೆಯಲು ಅರ್ಧ ಗಂಟೆ ಹಿಡಿಯಿತು. ನಮ್ಮೂರನ್ನು ಈ ತುದಿಯಿಂದ ಆ ತುದಿಗೆ ದಾಟಲು ಅಷ್ಟು ಹೊತ್ತು ಬೇಡ. ಅಲ್ಲಿ ಯಾರೂ ನಮ್ಮನ್ನು ಬೈಯಲಿಲ್ಲ, ಆದರೆ ಯಾರೂ ಮಾತಾಡಿಸಲೂ ಇಲ್ಲ. ಊರಿನಲ್ಲಾದರೆ ಕೇರಿ ದಾಟುವುದರೊಳಗೆ ಹತ್ತು ಜನ ಎಲ್ಲಿಗೆ ಹೊರಟೆ ಎಂದು ಕೇಳುತ್ತಿದ್ದರು. ಅವರಲ್ಲಿ ಕೆಲವರ ಮನೆಯಲ್ಲಿ ನಮಗೆ ನೀರನ್ನು ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದರು, ಅದು ಬೇರೆ ಮಾತು. ಆದರೂ ಕೇಳುತ್ತಿದ್ದರು. ಇಲ್ಲಿ ಕ್ಯಾಂಟೀನಿನಲ್ಲಿ ಟೋಕನ್ ಯಾವ ಕಿಂಡಿಯಲ್ಲಿ ಕೊಡುತ್ತಾರೆಂದು ಕೇಳಲು ನಾಚಿಕೆಯಾಗಿ ಎರಡು ಮಧ್ಯಾಹ್ನ ಉಪವಾಸವಿದ್ದೆವು. ನಲವತ್ತು ದಿನ ಕಳೆಯುವುದರೊಳಗೆ ನನ್ನ ಗೆಳೆಯ ಊರಿಗೆ ವಾಪಸಾದ. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ನನಗಿಂತ ಹೆಚ್ಚು ಅಂಕ ಬಂದಿದ್ದವು.

ಒಬ್ಬನೇ ಉಳಿದ ಮೇಲೆ ನಾನು ಸಂಜೆಯೆಲ್ಲ ಗ್ರಂಥಾಲಯದಲ್ಲಿ ಕೂರತೊಡಗಿದೆ. ಓದುವ ಆಸೆಗಿಂತ ಹೆಚ್ಚಾಗಿ, ಅಲ್ಲಿ ಒಬ್ಬನೇ ಕೂತರೆ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ ಎಂಬ ಕಾರಣಕ್ಕೆ. ಅದು ಅಂಬೇಡ್ಕರರ ಜನ್ಮಶತಮಾನೋತ್ಸವದ ವರ್ಷ. ಅವರ ಪುಸ್ತಕಗಳನ್ನು ಒಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಧನಂಜಯ ಕೀರ್ ಬರೆದ ಜೀವನಚರಿತ್ರೆ ನನಗೆ ಸಿಕ್ಕಿದ್ದು ಅಲ್ಲಿ.

ಅಂಬೇಡ್ಕರರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಮೇಷ್ಟರೂ ಆಗಿದ್ದವರು. ನಿವೃತ್ತಿಯ ನಂತರ ಸಂಸಾರ ದಾಪೋಲಿಗೆ, ಅಲ್ಲಿಂದ ಸಾತಾರಾಕ್ಕೆ ಬಂತು. ತಾಯಿ ಭೀಮಾಬಾಯಿ ಸಾತಾರಾದಲ್ಲಿ ತೀರಿಕೊಂಡಾಗ ಭೀಮರಾವ್ ಇನ್ನೂ ಚಿಕ್ಕ ಹುಡುಗ. 1900ರ ನವೆಂಬರ್ 7ರಂದು ಅವನ ಹೆಸರು ಸಾತಾರಾದ ಸರ್ಕಾರಿ ಹೈಸ್ಕೂಲಿನ ದಾಖಲೆಗೆ ಸೇರಿತು. ಮಹಾರಾಷ್ಟ್ರದಲ್ಲಿ ಈಗ ಆ ದಿನವನ್ನು ವಿದ್ಯಾರ್ಥಿ ದಿನವೆಂದು ಆಚರಿಸುತ್ತಾರೆ. ಅವರೂ ಸರ್ಕಾರಿ ಹೈಸ್ಕೂಲಿನವರು ಎಂಬುದನ್ನು ಈ ಸಂಚಿಕೆಯ ಓದುಗರು ಗಮನಿಸಬೇಕೆಂದು ನನ್ನ ಆಸೆ.

ಆ ಶಾಲೆಯಲ್ಲಿ ಮಹಾರ್ ಜಾತಿಯ ಈ ಹುಡುಗ ಮನೆಯಿಂದ ಗೋಣಿತಟ್ಟು ತಂದು ಬೇರೆಯಾಗಿ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಕೂಡ ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಒಯ್ಯಬೇಕು, ಬೆಳಿಗ್ಗೆ ಮತ್ತೆ ತರಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಊರಿನ ಕ್ಷೌರಿಕರು ಮುಟ್ಟದ ಕಾರಣ ತಲೆಗೂದಲು ಕತ್ತರಿಸುತ್ತಿದ್ದವಳು ಅಕ್ಕ.

ಮುಂದೆ ಸಂಸಾರ ಮುಂಬಯಿಗೆ ಬಂತು. ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ನಿದ್ದೆ, ಓದು ಎಲ್ಲ ಅದರಲ್ಲೇ. ಹುಡುಗ ಸಂಜೆ ಬೇಗ ಮಲಗುತ್ತಿದ್ದ. ನಡುರಾತ್ರಿ ದಾಟಿದ ಮೇಲೆ ಅವನನ್ನು ಎಬ್ಬಿಸಿ ಓದಲು ಕೂರಿಸಿ, ಆ ಜಾಗದಲ್ಲಿ ತಂದೆ ಮಲಗುತ್ತಿದ್ದರು. ದೊಡ್ಡ ನಗರ, ಎಲ್ಫಿನ್‌ಸ್ಟನ್ ಹೈಸ್ಕೂಲಿನಂಥ ದೊಡ್ಡ ಶಾಲೆ. ಗೋಣಿತಟ್ಟು ಹೋಗಿತ್ತು, ಉಳಿದದ್ದು ಹೋಗಿರಲಿಲ್ಲ. ಒಮ್ಮೆ ಮೇಷ್ಟರು ಲೆಕ್ಕ ಬಿಡಿಸಲು ಅವನನ್ನು ಬೋರ್ಡಿನ ಹತ್ತಿರ ಕರೆದರು. ಉಳಿದ ಹುಡುಗರು ತಮ್ಮ ತಿಂಡಿ ಡಬ್ಬಿಗಳನ್ನು ಬೋರ್ಡಿನ ಹಿಂದೆ ಇಡುತ್ತಿದ್ದರಂತೆ. ಅವನು ಹತ್ತಿರ ಹೋಗುವುದರೊಳಗೆ ಎಲ್ಲರೂ ಓಡಿಹೋಗಿ ಡಬ್ಬಿಗಳನ್ನು ಎತ್ತಿಕೊಂಡರು. ಸಂಸ್ಕೃತ ಓದಲು ಆಸೆಯಿತ್ತು, ಬಿಡಲಿಲ್ಲ. ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು.

1907ರಲ್ಲಿ ಮೆಟ್ರಿಕ್ ಪಾಸಾದಾಗ ಬಂದದ್ದು 750ಕ್ಕೆ 282 ಅಂಕ. ಇದನ್ನು ಅಂಕಿಯಲ್ಲೇ ಬರೆದಿದ್ದೇನೆ, ನಮ್ಮ ಮಕ್ಕಳು ನೋಡಲಿ ಎಂದು. ಅವರ ಸಮುದಾಯಕ್ಕೆ ಅದು ಎಷ್ಟು ಅಪರೂಪವಾಗಿತ್ತೆಂದರೆ ಸಭೆ ಸೇರಿಸಿ ಸನ್ಮಾನ ಮಾಡಿದರು. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಹಿರಿಯರು ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಆ ದಿನ ಕೈಗಿಟ್ಟರು. ಕಾಲೇಜಿನ ದುಡ್ಡಿಗೆ ದಾರಿ ಕಾಣದಾದಾಗ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಕರೆದೊಯ್ದವರೂ ಅವರೇ. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮುಗಿಯಿತು. 1913ರ ಫೆಬ್ರವರಿ 2ರಂದು ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾ ಸಂಸ್ಥಾನ ಮೂರು ವರ್ಷ ಅಮೆರಿಕದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಡುವುದೆಂದಾಯಿತು. ಓದಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದಲ್ಲಿ ಕೆಲಸ ಮಾಡಬೇಕೆಂದು ಕರಾರು. ಹೆಂಡತಿ ರಮಾಬಾಯಿಯನ್ನೂ ಹಸುಗೂಸು ಯಶವಂತನನ್ನೂ ಮುಂಬಯಿಯಲ್ಲಿ ಬಿಟ್ಟು ಅವರು ಹಡಗು ಹತ್ತಿದರು. ಜುಲೈ ಮೂರನೆಯ ವಾರ ನ್ಯೂಯಾರ್ಕಿನಲ್ಲಿ ಇಳಿದಾಗ ವಯಸ್ಸು 22.

ಕೊಲಂಬಿಯಾ ವಿಶ್ವವಿದ್ಯಾಲಯ ಊರ ಹೊರಗೆ ಇರುವಂಥದ್ದಲ್ಲ. ಮ್ಯಾನ್‌ಹ್ಯಾಟನ್ನಿನ ನಡುವೆಯೇ ಬ್ರಾಡ್‌ವೇ ರಸ್ತೆಗೆ ತಾಗಿಕೊಂಡಿದೆ. ಅಂಬೇಡ್ಕರರು ಹೋಗುವ ಹೊತ್ತಿಗೆ ಆ ಆವರಣಕ್ಕೆ ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. ನೆಲದಡಿಯ ರೈಲು ಬಂದು ಒಂಬತ್ತು ವರ್ಷವಾಗಿತ್ತು. ಆವರಣದ ನಡುವೆ ಅಗಲವಾದ ಕಲ್ಲಿನ ಮೆಟ್ಟಿಲುಗಳು, ಅವುಗಳ ಮೇಲೆ ಗುಮ್ಮಟದ ಲೋ ಗ್ರಂಥಾಲಯ. ಬ್ರಾಡ್‌ವೇಯ ಆಚೆ ಬದಿಗೆ ಹೆಣ್ಣುಮಕ್ಕಳ ಬರ್ನಾರ್ಡ್ ಕಾಲೇಜು. ಬಂದ ಕೆಲವೇ ವಾರಗಳಲ್ಲಿ ಅವರು ತಂದೆಯ ಸ್ನೇಹಿತರೊಬ್ಬರಿಗೆ ಕಾಗದ ಬರೆದು, ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳನ್ನೂ ಓದಿಸಿದರೆ ನಮ್ಮ ಜನ ಬೇಗ ಮುಂದೆ ಬರುತ್ತಾರೆಂಬ ಅರ್ಥದ ಮಾತು ಹೇಳಿದರು. ಹೊಸ ಊರಿನಲ್ಲಿ ಕಣ್ಣು ಮೊದಲು ಎಲ್ಲಿ ನಿಂತಿತು ಎಂಬುದು ಆ ಕಾಗದದಿಂದ ಗೊತ್ತಾಗುತ್ತದೆ.

ಮೊದಲು ಇಳಿದುಕೊಂಡದ್ದು ಹಾರ್ಟ್ಲಿ ಹಾಲ್ ಎಂಬ ವಿದ್ಯಾರ್ಥಿನಿಲಯದಲ್ಲಿ. ಅಲ್ಲಿನ ಅರೆಬೆಂದ ಊಟ, ಅದರಲ್ಲೂ ದನದ ಮಾಂಸ, ಅವರಿಗೆ ಸೇರಲಿಲ್ಲ. ಬೇಗನೆ ಅದನ್ನು ಬಿಟ್ಟು, ಕೆಲವರು ಭಾರತೀಯ ವಿದ್ಯಾರ್ಥಿಗಳಿದ್ದ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು. ಕೊನೆಗೆ ನೆಲೆಯಾದದ್ದು ಲಿವಿಂಗ್‌ಸ್ಟನ್ ಹಾಲ್‌ನಲ್ಲಿ, ನವಲ್ ಭಠೇನಾ ಎಂಬ ಪಾರ್ಸಿ ಯುವಕನ ಜೊತೆ. ಮೊದಲ ಕೆಲವು ತಿಂಗಳು ಓದಿನ ಕಡೆ ಗಮನ ಅಷ್ಟಾಗಿ ಇರಲಿಲ್ಲ ಎಂದು ಕೀರ್ ಬರೆಯುತ್ತಾರೆ. ಗೆಳೆಯರ ಜೊತೆ ಆಟ, ನೃತ್ಯ, ತಿರುಗಾಟ. ಒಂದು ರಾತ್ರಿ ತಾನು ಇಲ್ಲಿಗೆ ಬಂದದ್ದೇಕೆ, ಮನೆಯವರು ಅಲ್ಲಿ ಹೇಗಿದ್ದಾರೆ ಎಂದು ಯೋಚನೆ ಹತ್ತಿ, ಮರುದಿನದಿಂದ ಬೇರೆ ಮನುಷ್ಯರಾದರಂತೆ.

ಇದನ್ನು ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಊಟ ಸೇರದೆ ರೂಮು ಬಿಟ್ಟವರು, ಮೊದಲ ತಿಂಗಳುಗಳನ್ನು ಕಳೆದುಕೊಂಡವರು ನಮ್ಮ ಪಟದಲ್ಲಿದ್ದ ಅದೇ ಮನುಷ್ಯ! ನನ್ನ ಗೆಳೆಯ ಊರಿಗೆ ಹೋಗಿ ಆಗಲೇ ಮೂರು ವಾರವಾಗಿತ್ತು. ಆ ಎರಡು ಪುಟ ನಮಗೆ ಒಂದು ತಿಂಗಳು ಮೊದಲು ಸಿಕ್ಕಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ. ಸಿಕ್ಕಿದ್ದರೂ ಅವನು ಹೋಗುತ್ತಿದ್ದನೋ ಏನೋ.

ಆಮೇಲಿನ ಓದು ಎಂಥದ್ದು ಎನ್ನುವುದಕ್ಕೆ ವಿಶ್ವವಿದ್ಯಾಲಯದ ದಾಖಲೆಯೇ ಇದೆ. ಮೂರು ವರ್ಷದಲ್ಲಿ ಅವರು ತೆಗೆದುಕೊಂಡ ಪಾಠಕ್ರಮಗಳಲ್ಲಿ ಅರ್ಥಶಾಸ್ತ್ರದವು 29, ಇತಿಹಾಸದವು 11, ಸಮಾಜಶಾಸ್ತ್ರದವು 6, ತತ್ತ್ವಶಾಸ್ತ್ರದವು 5, ಮಾನವಶಾಸ್ತ್ರದವು 4, ರಾಜ್ಯಶಾಸ್ತ್ರದವು 3. ಸಾಲದ್ದಕ್ಕೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಮೊದಲ ಪಾಠ. ಬರೋಡಾ ಸಂಸ್ಥಾನ ಇಷ್ಟೆಲ್ಲ ಕೇಳಿರಲಿಲ್ಲ. ಊರಿನಲ್ಲಿ ಒಂದು ಸಂಸ್ಕೃತದ ತರಗತಿಗೆ ಕೂರಲು ಬಿಡದವರ ನಡುವಿನಿಂದ ಬಂದ ಹುಡುಗನಿಗೆ, ಯಾವ ತರಗತಿಯ ಬಾಗಿಲಲ್ಲಿ ಬೇಕಾದರೂ ಹೋಗಿ ಕೂರಬಹುದು ಎನ್ನುವ ಜಾಗ ಸಿಕ್ಕಿದಾಗ ಹೀಗಾಯಿತು ಎಂದು ನನ್ನ ಊಹೆ. ಹಸಿದವನಿಗೆ ಹಬ್ಬದ ಎಲೆ ಹಾಕಿದಂತೆ.

ಮೇಷ್ಟರುಗಳೂ ಹಾಗಿದ್ದರು. ಅರ್ಥಶಾಸ್ತ್ರದ ಎಡ್ವಿನ್ ಸೆಲಿಗ್‌ಮನ್, ಇತಿಹಾಸದ ಜೇಮ್ಸ್ ಶಾಟ್‌ವೆಲ್ ಮತ್ತು ಜೇಮ್ಸ್ ಹಾರ್ವೆ ರಾಬಿನ್ಸನ್, ತತ್ತ್ವಶಾಸ್ತ್ರದ ಜಾನ್ ಡ್ಯೂಯಿ. ಇವರಲ್ಲಿ ಡ್ಯೂಯಿಯವರ ಪ್ರಭಾವ ಕೊನೆಯವರೆಗೂ ಉಳಿಯಿತು. ಪ್ರಜಾಪ್ರಭುತ್ವ ಎಂದರೆ ಬರೀ ಸರ್ಕಾರ ನಡೆಸುವ ಬಗೆಯಲ್ಲ, ಜನ ಒಬ್ಬರೊಂದಿಗೊಬ್ಬರು ಬದುಕುವ ಬಗೆ ಎಂಬುದು ಡ್ಯೂಯಿಯವರ ವಿಚಾರ. 1936ರಲ್ಲಿ ಜಾತಿವಿನಾಶದ ಬಗ್ಗೆ ಬರೆದ ಪ್ರಸಿದ್ಧ ಭಾಷಣದಲ್ಲಿ ಅಂಬೇಡ್ಕರರು ಈ ಗುರುಗಳನ್ನು ಹೆಸರಿಸಿ ನೆನೆದಿದ್ದಾರೆ. ಆ ವಿಚಾರ ಅವರಿಗೆ ತರಗತಿಯಲ್ಲಿ ಮಾತ್ರ ಸಿಕ್ಕಿತೆಂದು ನನಗೆ ಅನ್ನಿಸುವುದಿಲ್ಲ. ಊಟದ ಮೇಜಿನಲ್ಲಿ, ಗ್ರಂಥಾಲಯದ ಬೆಂಚಿನಲ್ಲಿ, ಭಠೇನಾ ಜೊತೆ ಹಂಚಿಕೊಂಡ ಕೋಣೆಯಲ್ಲಿ ಅದನ್ನು ಅವರು ದಿನವೂ ಕಾಣುತ್ತಿದ್ದರು.

ಖರ್ಚಿನಲ್ಲಿ ಬಹಳ ಹಿಡಿತ. ಊಟವೆಂದರೆ ಒಂದು ಕಪ್ ಕಾಫಿ, ಎರಡು ಮಫಿನ್, ಒಂದು ತಟ್ಟೆ ಮಾಂಸ ಇಲ್ಲವೇ ಮೀನು. ವಿದ್ಯಾರ್ಥಿವೇತನದಲ್ಲೇ ಉಳಿಸಿ ಮನೆಗೂ ಕಳುಹಿಸಬೇಕಿತ್ತು. ಆದರೆ ಹಳೆಯ ಪುಸ್ತಕದಂಗಡಿ ಕಂಡರೆ ಹಿಡಿತ ತಪ್ಪುತ್ತಿತ್ತು. ಮೂರು ವರ್ಷದಲ್ಲಿ ಸುಮಾರು ಎರಡು ಸಾವಿರ ಪುಸ್ತಕ ಕೂಡಿಸಿದರು. ಆಗ ನ್ಯೂಯಾರ್ಕಿನಲ್ಲಿದ್ದ ಲಾಲಾ ಲಜಪತರಾಯರು ಅವರನ್ನು ರಾಜಕೀಯ ಚಟುವಟಿಕೆಗೆ ಕರೆದದ್ದುಂಟು. ಓದು ಮುಗಿಯುವವರೆಗೆ ಬೇರೆಯದಕ್ಕೆ ಕೈ ಹಾಕುವುದಿಲ್ಲವೆಂದು ದೂರ ಉಳಿದರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ 9ರಂದು ಮಾನವಶಾಸ್ತ್ರದ ಗೋಲ್ಡನ್‌ವೈಸರ್ ಅವರ ಗೋಷ್ಠಿಯಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ತಮ್ಮ ಗುಂಪಿನೊಳಗೇ ಮದುವೆಯಾಗಬೇಕೆಂಬ ಕಟ್ಟು ಜಾತಿಯ ತಿರುಳು ಎಂದು ಅದರಲ್ಲಿ ವಾದಿಸಿದ್ದಾರೆ. ಗೋಣಿತಟ್ಟಿನ ಮೇಲೆ ಕೂತಿದ್ದ ಹುಡುಗ, ತನ್ನನ್ನು ಕೂರಿಸಿದ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ದೂರದಲ್ಲಿ ನಿಂತು, ಯಂತ್ರ ಬಿಚ್ಚಿ ತೋರಿಸುವ ಮೇಸ್ತ್ರಿಯ ಹಾಗೆ, ಒಂದೊಂದೇ ಭಾಗ ತೋರಿಸುತ್ತಾ ಹೋಗುತ್ತಾನೆ. ಆಗ ಅವರಿಗೆ 25 ವರ್ಷ.

ಅಲ್ಲಿಂದ ಲಂಡನ್ನಿಗೆ ಹೋದರು. ವಿದ್ಯಾರ್ಥಿವೇತನದ ಅವಧಿ ಮುಗಿದು, ಓದು ಅರ್ಧಕ್ಕೇ ನಿಂತು 1917ರಲ್ಲಿ ಮರಳಬೇಕಾಯಿತು. ಮಹಾಯುದ್ಧದ ಕಾಲ. ಅವರ ಸಾಮಾನು ಹೊತ್ತ ಹಡಗು ಜರ್ಮನರ ದಾಳಿಗೆ ಸಿಕ್ಕಿ ಮುಳುಗಿತು. ನ್ಯೂಯಾರ್ಕಿನಲ್ಲಿ ಕೂಡಿಸಿದ್ದ ಪುಸ್ತಕಗಳಲ್ಲೂ ಬಹಳಷ್ಟು ಕೈಸೇರಲಿಲ್ಲ.

ಇನ್ನು ಬರೋಡಾ. ಈ ಭಾಗವನ್ನು ಬರೆಯುವುದು ಕಷ್ಟ, ಆದರೆ ಇದನ್ನು ಬಿಟ್ಟರೆ ಕೊಲಂಬಿಯಾದ ಮೂರು ವರ್ಷ ಏನೆಂದು ತಿಳಿಯುವುದಿಲ್ಲ. ಕರಾರಿನಂತೆ ಕೆಲಸಕ್ಕೆ ಸೇರಲು ಅವರು ರೈಲಿನಲ್ಲಿ ಬರೋಡಾಕ್ಕೆ ಬಂದಿಳಿದರು. ಇಳಿದ ಕೂಡಲೇ ಎದುರಾದ ಪ್ರಶ್ನೆ, ಎಲ್ಲಿ ಉಳಿಯುವುದು? ಪರದೇಶದ ಐದು ವರ್ಷಗಳಲ್ಲಿ ತಾನು ಅಸ್ಪೃಶ್ಯ ಎಂಬುದೇ ಮನಸ್ಸಿನಿಂದ ಅಳಿಸಿಹೋಗಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ನಿಲ್ದಾಣದಲ್ಲಿ ನಿಂತಾಗ ಅದು ಮತ್ತೆ ನೆನಪಾಯಿತು. ಹಿಂದೂ ಹೋಟೆಲಿನಲ್ಲಿ ಜಾತಿ ಮುಚ್ಚಿಡದೆ ಜಾಗ ಸಿಗುವುದಿಲ್ಲ. ಒಂದು ಪಾರ್ಸಿ ಛತ್ರಕ್ಕೆ ಹೋಗಿ, ಪಾರ್ಸಿ ಹೆಸರು ಬರೆಸಿ, ಮಹಡಿಯ ಕೋಣೆ ಹಿಡಿದರು. ಅಲ್ಲಿ ಬೇರೆ ಯಾರೂ ಇರಲಿಲ್ಲ. ವಿದ್ಯುತ್ ದೀಪವಿಲ್ಲ. ಸಂಜೆ ಲಾಂದ್ರದ ಬೆಳಕಿನಲ್ಲಿ ಒಬ್ಬರೇ ಓದುತ್ತಾ ಕೂರುತ್ತಿದ್ದರು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ಪಾರ್ಸಿಗಳು ಕೋಲು ಹಿಡಿದು ಬಾಗಿಲಿಗೆ ಬಂದರು. ಸಂಜೆಯೊಳಗೆ ಜಾಗ ಖಾಲಿಯಾಗಬೇಕು ಎಂದು ಅಪ್ಪಣೆಯಾಯಿತು. ಊರಿನಲ್ಲಿ ಇಬ್ಬರು ಸ್ನೇಹಿತರಿದ್ದರು, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಇಬ್ಬರೂ ಮನೆಯಲ್ಲಿ ಇಟ್ಟುಕೊಳ್ಳಲಾರದೆ ನೆಪ ಹೇಳಿದರು. ಮುಂಬಯಿಯ ರೈಲು ರಾತ್ರಿಗೆ. ಅಲ್ಲಿಯವರೆಗೆ ಐದು ಗಂಟೆ ಕಾಲ ಊರಿನ ಸಾರ್ವಜನಿಕ ತೋಟದಲ್ಲಿ ಕೂತಿದ್ದರು.

ನನಗೆ ಯಾವತ್ತೂ ಬಿಡಿಸಲಾಗದ ಲೆಕ್ಕ ಇದು. ನ್ಯೂಯಾರ್ಕಿನಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಗೆಳೆಯ ಪಾರ್ಸಿ. ಬರೋಡಾದಲ್ಲಿ ಕೋಲು ಹಿಡಿದು ಬಂದವರೂ ಪಾರ್ಸಿಗಳು. ಮುಂಬಯಿಗೆ ವಾಪಸಾದ ಮೇಲೆ ಇಬ್ಬರು ಹುಡುಗರಿಗೆ ಮನೆಪಾಠ ಹೇಳುವ ಕೆಲಸ ಕೊಡಿಸಿದವನು ಮತ್ತೆ ಅದೇ ನವಲ್ ಭಠೇನಾ. 1920ರಲ್ಲಿ ಅರ್ಧಕ್ಕೆ ಬಿಟ್ಟ ಓದು ಮುಗಿಸಲು ಲಂಡನ್ನಿಗೆ ಹೊರಟಾಗ ಐದು ಸಾವಿರ ರೂಪಾಯಿ ಸಾಲ ಕೊಟ್ಟವನೂ ಅವನೇ. ಹಾಗಾದರೆ ವ್ಯತ್ಯಾಸ ಜನದಲ್ಲಿತ್ತೋ, ಅವರು ಕೂಡಿ ಬದುಕಿದ ಜಾಗದಲ್ಲಿತ್ತೋ? ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಕೋಣೆ ಹಂಚುವವರು ಜಾತಿ ಕೇಳಲಿಲ್ಲ, ಅಷ್ಟೇ. ಅಲ್ಲಿ ಎರಡು ಮಂಚ ಒಟ್ಟಿಗೆ ಬಿದ್ದವು. ಉಳಿದದ್ದು ತಾನಾಗಿ ಆಯಿತು.

ಅಂಬೇಡ್ಕರರು ಇದನ್ನು ಮರೆಯಲಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಅವರು ನಡೆಸಿದ ಹಾಸ್ಟೆಲುಗಳು. ಸಾರ್ವಜನಿಕ ಕೆಲಸಕ್ಕೆ ಇಳಿದ ಹೊಸತರಲ್ಲೇ, 1925ರಲ್ಲಿ, ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದರು. 1928ರಲ್ಲಿ ದಲಿತ ವರ್ಗಗಳ ಶಿಕ್ಷಣಕ್ಕಾಗಿ ಸಂಘ ಕಟ್ಟಿ ಊರೂರಲ್ಲಿ ಹಾಸ್ಟೆಲು ನಡೆಸಿದರು. ಅವುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಇದು ನಮ್ಮ ಕಡೆಯ ಅನೇಕರಿಗೆ ಗೊತ್ತಿಲ್ಲ. ಶಾಲೆ ಸರ್ಕಾರ ಕಟ್ಟೀತು, ಆದರೆ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಮಲಗಲು ಜಾಗ, ಎರಡು ಹೊತ್ತು ಊಟ, ಮಾತಿಗೊಬ್ಬ ಜೊತೆಗಾರ ಇಲ್ಲದಿದ್ದರೆ ಅವನು ಶಾಲೆಯವರೆಗೆ ಬರುವುದೇ ಇಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು. ಮುಂದೆ ಅದಕ್ಕೆ ಮಿಲಿಂದ ಮಹಾವಿದ್ಯಾಲಯ ಎಂದೂ ಆ ಆವರಣಕ್ಕೆ ನಾಗಸೇನವನ ಎಂದೂ ಹೆಸರಾಯಿತು. ಮಿಲಿಂದ ಪ್ರಶ್ನೆ ಕೇಳಿದ ರಾಜ, ನಾಗಸೇನ ಉತ್ತರ ಹೇಳಿದ ಭಿಕ್ಷು. ಮರಾಠವಾಡದ ಹಳ್ಳಿಗಳಿಂದ ಬರುವ ಹುಡುಗರಿಗಾಗಿ ಆ ಆವರಣದೊಳಗೇ ಹಾಸ್ಟೆಲು ಕಟ್ಟಿಸಿದರು.

ನನ್ನ ಗೆಳೆಯನಿಗೆ ಈಗ ನಮ್ಮೂರ ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿಯಿದೆ, ಚೆನ್ನಾಗಿಯೇ ಇದ್ದಾನೆ. ಈ ಲೇಖನದ ವಿಷಯ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು, ಆ ಕ್ಯಾಂಟೀನಿನ ಟೋಕನ್ ಕೊನೆಗೆ ಯಾವ ಕಿಂಡಿಯಲ್ಲಿ ಕೊಡುತ್ತಿದ್ದರು ಎಂದು. ಹಿಂಭಾಗದಲ್ಲಿತ್ತು ಎಂದೆ. ಇಬ್ಬರೂ ನಕ್ಕೆವು, ಆಮೇಲೆ ಸುಮ್ಮನಾದೆವು.

ಅಂಬೇಡ್ಕರರು ಕೊಲಂಬಿಯಾಕ್ಕೆ ಮತ್ತೊಮ್ಮೆ ಹೋದದ್ದು 1952ರಲ್ಲಿ. ಸಂವಿಧಾನ ಜಾರಿಗೆ ಬಂದಿತ್ತು. ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಾಗಿತ್ತು. ಲೋಕಸಭೆಯ ಮೊದಲ ಚುನಾವಣೆಯಲ್ಲಿ ಸೋತಿದ್ದರು. ದೇಹದ ಆರೋಗ್ಯವೂ ಚೆನ್ನಾಗಿರಲಿಲ್ಲ. ಗೌರವ ಡಾಕ್ಟರೇಟ್ ಕೊಡಲು ವಿಶ್ವವಿದ್ಯಾಲಯ ಕರೆದಿತ್ತು. ಅಲ್ಲಿ ಡ್ಯೂಯಿಯವರನ್ನು ಕಾಣಬೇಕೆಂದು ಅವರು ಬಹಳ ಆಸೆ ಇಟ್ಟುಕೊಂಡಿದ್ದರು. ಗುರುಗಳಿಗೆ ಆಗ 92 ವರ್ಷ, ವಾಸ ನ್ಯೂಯಾರ್ಕಿನಲ್ಲೇ. ಜೂನ್ 1ರಂದು ಡ್ಯೂಯಿ ತೀರಿಕೊಂಡರು. ಸುದ್ದಿ ಸಿಕ್ಕಾಗ ಅಂಬೇಡ್ಕರರು ಇನ್ನೂ ದಾರಿಯಲ್ಲೇ ಇದ್ದರು, ವಿಮಾನ ರೋಮ್ ಮುಟ್ಟಿತ್ತು. ಆ ದುಃಖವನ್ನು ಪತ್ನಿ ಸವಿತಾ ಅವರಿಗೆ ಕಾಗದದಲ್ಲಿ ತಿಳಿಸಿದರು. ಜೂನ್ 5ರಂದು, ಮೊದಲ ಸಲ ಬಂದು ಮೂವತ್ತೊಂಬತ್ತು ವರ್ಷಗಳಾಗುತ್ತ ಬಂದಾಗ, ಅದೇ ಆವರಣದಲ್ಲಿ ನಿಲುವಂಗಿ ತೊಟ್ಟು ಪದವಿ ಸ್ವೀಕರಿಸಿದರು.